ಉಸಿರಿನ ಶಿಕ್ಷಣ

ಅಡಕೆಯ ಮರದಿಂದ ಬಿದ್ದು ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟುಮಾಡಿಕೊಂಡವನ ಸುದ್ದಿ ಊರಿನಿಂದ ಬಂದಾಗ, ನಮ್ಮ ಹೋಟೆಲುಗಳ ಅಡಿಗೆಮನೆಗಳಲ್ಲಿಯೂ ಗುಮಾಸ್ತರ ಮೇಜುಗಳ ಸುತ್ತಲೂ ಕೇಳಿಬರುವ ಮಾತು ಒಂದೇ: ಇನ್ನೇನೂ ಮಾಡುವಂತಿಲ್ಲ. ರೋಗಿಯು ವೆಂಟಿಲೇಟರ್ ಎಂಬ ಉಸಿರಾಟದ ಯಂತ್ರಕ್ಕೆ ಅಧೀನನಾದನೆಂದರೆ, ಯಂತ್ರ ತೆಗೆದರೆ ಸಾವು, ಇಟ್ಟರೆ ಸಾಲ ಎಂಬ ಲೆಕ್ಕಕ್ಕೆ ಬಂಧುಗಳು ಇಳಿಯುತ್ತಾರೆ. ಈ ಲೆಕ್ಕವು ಅನೇಕ ವೇಳೆ ತಪ್ಪೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ನಡೆಸುವ ನರವು ಕುತ್ತಿಗೆಯ 3, 4 ಮತ್ತು 5ನೆಯ ನರಮೂಲಗಳಿಂದ ಹೊರಡುತ್ತದೆ. ಪೆಟ್ಟು ಅದಕ್ಕೂ ಮೇಲೆ ಬಿದ್ದು ಬೆನ್ನುಹುರಿಯು ಪೂರ್ಣವಾಗಿ ಕೆಟ್ಟರೆ ವಪೆಯೇ ಸ್ತಬ್ಧವಾಗುತ್ತದೆ. ಕೆಳಗೆ ಬಿದ್ದರೆ ವಪೆ ಉಳಿದು, ಪಕ್ಕೆಯ ಮತ್ತು ಹೊಟ್ಟೆಯ ಸ್ನಾಯುಗಳು ಸೋಲುತ್ತವೆ. ಅಂಥವನು ಉಸಿರೆಳೆಯಬಲ್ಲ, ಕೆಮ್ಮಲಾರ. ಕಫ ನಿಂತು ನ್ಯುಮೋನಿಯ ಬರುತ್ತದೆ, ಯಂತ್ರ ಅನಿವಾರ್ಯವಾಗುತ್ತದೆ. ಆದರೆ ಈ ಎರಡನೆಯ ವರ್ಗದವರಲ್ಲಿ ಬಹುಮಂದಿ ಶಿಕ್ಷಣದಿಂದ ಯಂತ್ರವನ್ನು ಬಿಡಬಲ್ಲರು.

ಶಿಕ್ಷಣವೆಂದರೆ ಏನು? ಮೊದಲು ದಿನಕ್ಕೆ ಹಲವು ಬಾರಿ ಕೆಲವೇ ನಿಮಿಷ ಯಂತ್ರವಿಲ್ಲದೆ ಉಸಿರಾಡಿಸಿ, ರಾತ್ರಿ ಯಂತ್ರದಲ್ಲಿಯೇ ವಿಶ್ರಾಂತಿ ಕೊಟ್ಟು, ಕ್ರಮೇಣ ನಿಮಿಷವನ್ನು ಗಂಟೆಯಾಗಿಸುವುದು. ನಮಗೆಲ್ಲ ಎದ್ದು ಕುಳಿತರೆ ಉಸಿರು ಸರಾಗ. ಈ ರೋಗಿಗಳಿಗೆ ಅಂಗಾತ ಮಲಗಿದರೇ ಸರಾಗ. ಕುಳಿತಾಗ ಸಡಿಲವಾದ ಹೊಟ್ಟೆ ಮುಂದಕ್ಕೆ ಜೋತು ವಪೆಯ ಬಲ ಕುಗ್ಗುವುದೇ ಇದಕ್ಕೆ ಕಾರಣ. ಆದುದರಿಂದ ಕೂರಿಸುವಾಗ ಹೊಟ್ಟೆಗೆ ಅಗಲವಾದ ಪಟ್ಟಿ ಕಟ್ಟುತ್ತಾರೆ. ಕೆಮ್ಮುವ ಕ್ಷಣದಲ್ಲಿ ಸಹಾಯಕನು ಪಕ್ಕೆಲುಬುಗಳ ಕೆಳಗೆ ಕೈಯಿಟ್ಟು ಒತ್ತುತ್ತಾನೆ. ಇವೆರಡಕ್ಕೂ ದುಬಾರಿ ಯಂತ್ರ ಬೇಡ, ಬಲ್ಲವರ ಕೈ ಬೇಕು. (ಪತ್ರಿಕೆ ಓದಿ ಪ್ರಯೋಗ ಮಾಡತಕ್ಕ ವಿದ್ಯೆ ಇದಲ್ಲ, ವೈದ್ಯರೆದುರಿನಲ್ಲಿಯೇ ಕಲಿಯಬೇಕು.)

ವಪೆ ನಿಂತವರೂ ಸಂಪೂರ್ಣ ನಿರಾಶರಾಗಬೇಕಿಲ್ಲ. ಗಾಳಿಯನ್ನು ಗುಟುಕು ಗುಟುಕಾಗಿ ಶ್ವಾಸಕೋಶಕ್ಕೆ ನೂಕುವ 'ಕಪ್ಪೆಯುಸಿರು' 1951ರಲ್ಲಿಯೇ ಪೋಲಿಯೋ ರೋಗಿಗಳ ವಿಷಯದಲ್ಲಿ ವರದಿಯಾಗಿತ್ತು. 1995ರಲ್ಲಿ ಕುದುರೆಯಿಂದ ಬಿದ್ದ ಅಮೆರಿಕದ ನಟ ಕ್ರಿಸ್ಟೋಫರ್ ರೀವ್ ಅವರ ವಪೆಗೆ 2003ರಲ್ಲಿ ವಿದ್ಯುತ್ ತಂತಿಗಳನ್ನು ಜೋಡಿಸಲಾಯಿತು. 2004ರಲ್ಲಿ ತೀರಿಕೊಳ್ಳುವ ಮುನ್ನ ಅವರು ಕೆಲವು ಗಂಟೆಗಳನ್ನು ಯಂತ್ರವಿಲ್ಲದೆ ಕಳೆಯಬಲ್ಲವರಾಗಿದ್ದರು. ವಪೆಯ ನರ ಜೀವಂತವಾಗಿದ್ದರೆ ಮಾತ್ರ ಇದು ಸಾಧ್ಯ, ಬೆಲೆಯೋ ನಮ್ಮವರ ಕೈಗೆ ಎಟುಕದ್ದು.

ಮುಂಬಯಿಯ ಹಾಜಿ ಅಲಿಯಲ್ಲಿ 1955ರಿಂದ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆಯಿದೆ. ವೆಲ್ಲೂರಿನ ಪುನರ್ವಸತಿ ಕೇಂದ್ರವು 1966ರದು. ಅದರ ಹಿಂದಿದ್ದ ಡಾ. ಮೇರಿ ವರ್ಗೀಸ್ ತಾವೇ 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡವರು. ದಿಲ್ಲಿಯಲ್ಲಿ ಬೆನ್ನುಹುರಿಗೆಂದೇ ಆಸ್ಪತ್ರೆಯಿದೆ. ಆದರೂ ಯಂತ್ರಾಧೀನ ರೋಗಿಯನ್ನು ಸೇರಿಸಿಕೊಳ್ಳುವರೋ ಎಂದು ಮೊದಲೇ ವಿಚಾರಿಸುವುದು ಲೇಸು.

ಒಂದೇ ಖೋಲಿಯಲ್ಲಿ ಆರು ಜನ ಮಲಗುವ ನಮ್ಮವರು ಇಂಥ ರೋಗಿಯನ್ನು ಎಲ್ಲಿಡಬೇಕು? ಕಫ ಸೆಳೆಯುವ ಯಂತ್ರ, ಕೈಯಿಂದ ಒತ್ತುವ ಉಸಿರುಚೀಲ, ವಿದ್ಯುತ್ತು ಹೋದಾಗಿನ ಬ್ಯಾಟರಿ, ಇಷ್ಟನ್ನಾದರೂ ನಮ್ಮ ಸಂಘಗಳು ಎರವಲಿಗೆ ಇಟ್ಟುಕೊಳ್ಳಬಾರದೇಕೆ? ವಾರ್ಷಿಕೋತ್ಸವದ ಹಾರತುರಾಯಿಯ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಬಂದರೆ ಯಾರೂ ಬೇಸರಿಸಲಾರರು.

ಊರಿಗೆ ಕಾಗದ ಬರೆಯುವಾಗ ಇಷ್ಟನ್ನು ಸೇರಿಸಿರಿ: ಮರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬಾರದು, ತಲೆ, ಕುತ್ತಿಗೆ ಅಲುಗದಂತೆ ಹಿಡಿದು ಹಲಗೆಯ ಮೇಲೆ ಸಾಗಿಸಬೇಕು.