ಎದೆಬಡಿತ ಕಲಿಸುವ ಉಸಿರು

ಚಳಿಗಾಲ ಬಂತೆಂದರೆ ನಮ್ಮ ಓರೆಬ್ರೂವಿನ ಮನೆಗಳಲ್ಲಿ ಟಿವಿಯಲ್ಲಿ ಬಯಾತ್ಲಾನ್. ಏದುಸಿರು ಬಿಡುತ್ತಾ ಸ್ಕೀ ಮಾಡಿ ಬಂದವರು 50 ಮೀಟರ್ ದೂರದ ಐದು ಗುರಿಗಳಿಗೆ ಗುಂಡು ಹೊಡೆಯಬೇಕು. 2018ರ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಹನ್ನಾ ಓಬರ್ಗ್ 20ಕ್ಕೆ 20 ಹೊಡೆದು ಚಿನ್ನ ಗೆದ್ದರು. ಆ ಎದೆಬಡಿತದಲ್ಲಿ ಕೈ ನಡುಗಲಿಲ್ಲವಲ್ಲ!

ಉಸಿರು ಎಳೆದಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಈ ಏರಿಳಿತವನ್ನು ಪರದೆಯ ಮೇಲೆ ನೋಡುತ್ತಾ ಉಸಿರನ್ನು ತಿದ್ದಿಕೊಳ್ಳುವುದೇ ಬಯೋಫೀಡ್‌ಬ್ಯಾಕ್. ನಿಮಿಷಕ್ಕೆ ಸುಮಾರು ಆರು ಉಸಿರಿಗೆ ಇಳಿದರೆ ಹೆಚ್ಚಿನವರಲ್ಲಿ ಅಲೆ ದೊಡ್ಡದಾಗುತ್ತದೆ. ಕೆಲವರಿಗೆ ಐದು, ಕೆಲವರಿಗೆ ಏಳು. ಯಾರಿಗೆ ಎಷ್ಟೆಂದು ತೋರಿಸುವುದೇ ಯಂತ್ರದ ಉಪಕಾರ. 2008ರ ಬೀಜಿಂಗ್ ಚಿನ್ನಕ್ಕೆ ಮುನ್ನ ನಮ್ಮ ಅಭಿನವ್ ಬಿಂದ್ರಾ ಕೂಡ ಬಯೋಫೀಡ್‌ಬ್ಯಾಕ್ ತರಬೇತಿ ಪಡೆದಿದ್ದರು.

"ಇದು ನಮ್ಮ ಪ್ರಾಣಾಯಾಮ ತಾನೇ?" ಎಂದು ಊರಿನಿಂದ ಬಂದ ಹಿರಿಯರು ನಗುತ್ತಾರೆ. ಅರ್ಧ ನಿಜ. ಆದರೆ ತಾತ ಹೇಳಿದರೆ ಕೂರದ ಮಕ್ಕಳು ಪರದೆಯ ಅಲೆ ನೋಡುತ್ತಾ ಹತ್ತು ನಿಮಿಷ ಕೂರುತ್ತಾರೆ. ನನ್ನ ಮಗಳು ಓಟ ಶುರುವಾಗುವ ಮೊದಲೇ ಉಸಿರು ಕಟ್ಟಿದಂತಾಗಿ ಹಿಂದೆ ಸರಿಯುತ್ತಿದ್ದಳು. ಆಸ್ತಮಾ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ (ಇದು ಮೊದಲು ಆಗಲೇಬೇಕು, ಇಲ್ಲಿನ ಚಳಿಗಾಳಿ ಆಸ್ತಮಾ ಇದ್ದವರಿಗೆ ಕಷ್ಟ) ಈ ಅಭ್ಯಾಸ ಹಿಡಿದಳು. ಈಗ ಓಟದ ಗೆರೆಯ ಬಳಿ ನಿಲ್ಲುತ್ತಾಳೆ. ಪದಕ ಬಂದಿಲ್ಲ, ಬರಬೇಕೆಂದೂ ಇಲ್ಲ.

ಓಡುವಾಗ ಆರು ಉಸಿರು ಸಾಲದು. ಇದು ಸ್ಪರ್ಧೆಗೆ ಮುನ್ನ ಕುಳಿತು ಮಾಡುವಂಥದ್ದು. ಬಲವಂತದಿಂದ ದೊಡ್ಡ ಉಸಿರೆಳೆದರೆ ತಲೆ ಸುತ್ತುತ್ತದೆ. ಮೆಲ್ಲಗೆ ಎಳೆದು, ಇನ್ನೂ ನಿಧಾನವಾಗಿ ಬಿಡಿ. ಅಂದಹಾಗೆ, ಕೈಗಡಿಯಾರಕ್ಕಿಂತ ಎದೆಪಟ್ಟಿಯ ಲೆಕ್ಕ ನಂಬಿಗಸ್ತ. ಕಟ್ಟುವ ಮುನ್ನ ಪಟ್ಟಿಗೆ ಸ್ವಲ್ಪ ನೀರು ಹಚ್ಚಿ.