ಎರಡನೆಯ ಸಹಿ ಯಾರದು?

ನಮ್ಮ ಸಂಘದ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಜನಸಮುದಾಯದ ಮಾಧ್ಯಮಗಳ ಕುರಿತು ನನ್ನಿಂದ ಲೇಖನವೊಂದನ್ನು ಅಪೇಕ್ಷಿಸಿದಾಗ ಸಂಕೋಚವೇ ಆಯಿತು. ಮಧುಮೇಹ, ರಕ್ತದೊತ್ತಡಗಳ ಬಗ್ಗೆ ವೈದ್ಯ ಮಿತ್ರರು ಅಧಿಕಾರವಾಣಿಯಿಂದ ಬರೆಯುವ ಈ ಪುಟಗಳಲ್ಲಿ, ವಾಣಿಜ್ಯ ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ನಾನು ಹೇಳತಕ್ಕದ್ದೇನು? ಆದರೆ ನನ್ನಲ್ಲಿ ಒಂದು ತಪ್ಪೊಪ್ಪಿಗೆ ಇದೆ, ಅದರಿಂದಲೇ ಆರಂಭಿಸುತ್ತೇನೆ.

ಮೂರು ವರ್ಷಗಳ ಹಿಂದೆ ನಮ್ಮ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಧ್ವನಿಸಂದೇಶವೊಂದು ಬಂತು. ಅಚ್ಚ ಕುಂದಾಪುರದ ಮಾತು, ಆತ್ಮೀಯವಾದ ದನಿ. ಯಾವುದೋ ಸೊಪ್ಪಿನ ಕಷಾಯವನ್ನು ನಲವತ್ತು ದಿನ ಕುಡಿದರೆ ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡವೆಂಬುದು ಅದರ ಸಾರಾಂಶ. ಊರಿನ ಮಾತು ಕೇಳಿದ ಸಂತೋಷದಲ್ಲಿ, ಪೂರ್ತಿ ಕೇಳುವ ಮೊದಲೇ, ಅದನ್ನು ನಾಲ್ಕಾರು ಮಂದಿಗೆ ರವಾನಿಸಿದೆ. ಅವರಲ್ಲೊಬ್ಬರು ನನ್ನ ತಂದೆಯವರ ಜೊತೆ ಹೋಟೆಲಿನಲ್ಲಿ ದುಡಿದವರು, ನಾನು ಚಿಕ್ಕಪ್ಪ ಎಂದೇ ಕರೆಯುವ ಹಿರಿಯರು. ಅವರು ಮಾತ್ರೆ ನಿಲ್ಲಿಸಿದರು. ಪಾದದ ಹುಣ್ಣು ಮಾಯದೆ ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂತು. ‘ನೀ ಕಳ್ಸಿದ್ದಲ್ದಾ ಮಾರಾಯ, ಬ್ಯಾಂಕಿನವ ಸುಳ್ಳ್ ಕಳ್ಸುದಿಲ್ಲ ಅಂದ್ಕಂಡೆ’ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಯೇ ನಕ್ಕರು.

ಬ್ಯಾಂಕಿನಲ್ಲಿ ಒಬ್ಬನು ಬರೆದದ್ದನ್ನು ಮತ್ತೊಬ್ಬನು ನೋಡಿ ಒಪ್ಪದೆ ವೋಚರು ಮುಂದೆ ಸರಿಯುವುದಿಲ್ಲ. ಗಣಕಯಂತ್ರ ಬಂದ ಮೇಲೂ ಈ ನಿಯಮ ಸಡಿಲವಾಗಿಲ್ಲ. ದಿನವಿಡೀ ಎರಡನೆಯ ಸಹಿಗಾಗಿ ತಗಾದೆ ಮಾಡುವ ನಾನೇ ಆ ಸಂಜೆ ಅದನ್ನು ಕೇಳಲಿಲ್ಲ.

ಮಾಧ್ಯಮವು ಜನರ ಕೈಗೆ ಬರಬೇಕೆಂಬ ಹಂಬಲ ಇಂದು ನಿನ್ನೆಯದಲ್ಲ. ನ್ಯೂಯಾರ್ಕಿನ ಕೇಬಲ್ ಕಂಪನಿಗಳು ನಗರಾಡಳಿತದ ಕರಾರಿನಂತೆ 1971ರಲ್ಲಿಯೇ ಸಾಮಾನ್ಯ ನಾಗರಿಕರ ಕಾರ್ಯಕ್ರಮಗಳಿಗೆಂದು ವಾಹಿನಿಗಳನ್ನು ಬಿಟ್ಟುಕೊಟ್ಟಿದ್ದವು. ನಮ್ಮಲ್ಲಿ 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ಆದರೆ ಅದೇ ವರ್ಷದ ಕೇಬಲ್ ಕಾಯಿದೆಯು ದೂರದರ್ಶನದ ವಾಹಿನಿಗಳನ್ನು ಕಡ್ಡಾಯಗೊಳಿಸಿತೇ ವಿನಾ ಬಡಾವಣೆಯ ಜನರಿಗೆಂದು ಒಂದನ್ನೂ ಮೀಸಲಿಡಲಿಲ್ಲ. ಪರೇಲಿನ ನಮ್ಮ ಚಾಳಿಗೆ ತಂತಿ ಎಳೆದಿದ್ದ ಕೇಬಲಿನವನು ಮಾತ್ರ ದಾಕ್ಷಿಣ್ಯದ ಮನುಷ್ಯ. ಶನಿವಾರ ರಾತ್ರಿ ನಮಗಾಗಿ ಯಕ್ಷಗಾನದ ಕ್ಯಾಸೆಟ್ ಹಾಕುತ್ತಿದ್ದ. ರಕ್ತದಾನ ಶಿಬಿರದ ಸೂಚನೆಯನ್ನು ತೆರೆಯ ಕೆಳಗೆ ಓಡಿಸುತ್ತಿದ್ದ. ತಾರೀಖು ತಪ್ಪಿದರೆ ಬೆಳಗ್ಗೆ ಅವನ ಅಂಗಡಿಗೇ ಹೋಗಿ ಜಗಳವಾಡಬಹುದಿತ್ತು! 2012ರಲ್ಲಿ ಮುಂಬಯಿಗೆ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯವಾದ ಮೇಲೆ ನಮ್ಮ ಓಣಿಯಲ್ಲಿ ಆ ದಾಕ್ಷಿಣ್ಯಕ್ಕೂ ಎಡೆಯಿಲ್ಲವಾಯಿತು.

ನಮ್ಮ ನಾಡಿನಲ್ಲಿ ಇದಕ್ಕಿಂತ ಗಟ್ಟಿಯಾದ ಮಾದರಿಯೊಂದು ರೂಪುಗೊಂಡದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಯುನೆಸ್ಕೋ ನೆರವು ಹಾಗೂ ಮೈರಾಡ, ವಾಯ್ಸಸ್ ಸಂಸ್ಥೆಗಳ ಬೆಂಬಲದಿಂದ ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ‘ನಮ್ಮ ಧ್ವನಿ’ ಕೇಂದ್ರ ಹುಟ್ಟಿತು. ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ಪರವಾನಿಗೆಯ ಬಾಗಿಲು ತೆರೆದದ್ದೇ 2006ರಲ್ಲಿ. ಬೂದಿಕೋಟೆಯವರು ಅಲ್ಲಿಯವರೆಗೆ ಕೈಕಟ್ಟಿ ಕೂರಲಿಲ್ಲ. ತಾವು ಧ್ವನಿಮುದ್ರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು. ಮಧ್ಯಭಾರತದಲ್ಲಿ 2010ರಲ್ಲಿ ಆರಂಭವಾದ ‘ಸಿಜಿನೆಟ್ ಸ್ವರ’ದಲ್ಲಿ ಆದಿವಾಸಿಗಳು ಸಾದಾ ಮೊಬೈಲಿನಿಂದ ಕರೆಮಾಡಿ ತಮ್ಮ ಊರಿನ ಸುದ್ದಿ ಹೇಳುತ್ತಿದ್ದರು, ಸಂಪಾದಕರು ಪರಿಶೀಲಿಸಿದ ನಂತರವೇ ಅದು ಇತರರಿಗೆ ಕೇಳಿಸುತ್ತಿತ್ತು. ನಾನು ಹೇಳುವ ಎರಡನೆಯ ಸಹಿ ಇದೇ.

ಮುಂಬಯಿ ಕನ್ನಡಿಗರಿಗೆ ಈ ಶಿಸ್ತು ಅಪರಿಚಿತವೇ? ‘ಮೊಗವೀರ’, ‘ಅಕ್ಷಯ’, ‘ನೇಸರು’ ಮುಂತಾದ ಪತ್ರಿಕೆಗಳನ್ನು ನಮ್ಮ ಸಂಘ ಸಂಸ್ಥೆಗಳೇ ಸಂಪಾದಕರನ್ನಿಟ್ಟು ನಡೆಸಿದವು. ಮುದ್ರಣದಲ್ಲಿ ಅಷ್ಟು ಜಾಗರೂಕರಾಗಿದ್ದ ನಾವು ಮೊಬೈಲು ಕೈಗೆ ಬಂದೊಡನೆ ಸಂಪಾದಕನನ್ನೇ ಮನೆಗೆ ಕಳುಹಿಸಿಬಿಟ್ಟೆವು.

ಅಂತರ್ಜಾಲವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಅವುಗಳನ್ನು ನಂಬಿದ ಹೋಟೆಲುಗಳೂ ಸೊರಗಿ, ಪರೇಲಿನಲ್ಲಿದ್ದ ನಮ್ಮವರು ಡೊಂಬಿವಲಿ, ಮೀರಾರೋಡ್, ನಾಲಾಸೋಪಾರಗಳಿಗೆ ಚದುರಿದರು. ನೂರು ವ್ಯಾಟ್ ಶಕ್ತಿಯ ಸಮುದಾಯ ರೇಡಿಯೋ ಅಷ್ಟು ದೂರ ಮುಟ್ಟದು. ಅಂತರ್ಜಾಲಕ್ಕೆ ಆ ಮಿತಿಯಿಲ್ಲ. ಇತ್ತ ಪರೇಲಿಗೆ ಊರಿನವರು ಬರುವುದೂ ನಿಂತಿಲ್ಲ. ಟಾಟಾ ಸ್ಮಾರಕ ಆಸ್ಪತ್ರೆ, ಕೆ.ಇ.ಎಂ., ಮಕ್ಕಳ ವಾಡಿಯಾ ಆಸ್ಪತ್ರೆಗಳ ಎದುರು ಕಡತವನ್ನು ಎದೆಗವಚಿಕೊಂಡು, ಮರಾಠಿಯೂ ಹಿಂದಿಯೂ ತಿಳಿಯದೆ ನಿಂತ ನಮ್ಮ ಜನರನ್ನು ಪ್ರತಿದಿನವೆಂಬಂತೆ ಕಾಣುತ್ತೇನೆ. ಹೆಸರು ನೋಂದಾಯಿಸುವುದು ಎಲ್ಲಿ, ದಾದರಿನ ಧರ್ಮಶಾಲೆಗೆ ಯಾವ ಕಾಗದ ಬೇಕು ಎಂಬುದನ್ನು ಅವರಿಗೆ ಕನ್ನಡದಲ್ಲಿ ಹೇಳುವವರು ಬೇಕು. ಅಂಥವರ ಮೊಬೈಲಿಗೆ ಕಷಾಯದ ಸಂದೇಶ ಮಾತ್ರ ತಪ್ಪದೆ ತಲಪುತ್ತದೆ.

ಆದುದರಿಂದ ಸಂಘದ ವತಿಯಿಂದ ವಾರಕ್ಕೆ ಹದಿನೈದು ನಿಮಿಷಗಳ ಧ್ವನಿಪತ್ರಿಕೆಯೊಂದು ಹೊರಡಲಿ ಎಂಬುದು ನನ್ನ ಸಲಹೆ. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಇರಲಿ. ಮಾತನಾಡಿದವರ ಹೆಸರು, ಒಪ್ಪಿದ ವೈದ್ಯರ ಹೆಸರು ಎರಡನ್ನೂ ಕೇಳಿಸಬೇಕು. ತಪ್ಪಾದರೆ ಮುಂದಿನ ವಾರ ಮೊದಲಿಗೆ ತಿದ್ದುಪಡಿ. ಇಂಟರ್‌ನೆಟ್ಟಿಲ್ಲದ ಹಿರಿಯರು ಒಂದು ಸಂಖ್ಯೆಗೆ ಕರೆಮಾಡಿ ಕೇಳುವಂತಿರಬೇಕು. ಧ್ವನಿಮುದ್ರಿಕೆಗಳ ಮೂಲಪ್ರತಿ ಸಂಘದ ಕಪಾಟಿನಲ್ಲೇ ಇರಲಿ. ಪರರ ಕಂಪನಿಯ ಜಗಲಿಯಲ್ಲಿ ಕುಳಿತು ಎಷ್ಟು ಹರಟಿದರೂ ಜಗಲಿ ನಮ್ಮದಾಗದು. ಇದಕ್ಕೆ ತಗಲುವ ಹಣ ದೊಡ್ಡದಲ್ಲ, ಅದನ್ನು ನಾನು ಲೆಕ್ಕಹಾಕಿ ಕೊಡಬಲ್ಲೆ. ಪ್ರತಿ ವಾರ ತಪ್ಪದೆ ಒಂದು ಗಂಟೆ ಕೊಡುವ ವೈದ್ಯರೂ ಸಂಪಾದಕರೂ ಸಿಗುವುದೇ ಕಷ್ಟ.

ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಮೊದಲ ಸಂಚಿಕೆಯಲ್ಲಿ ಮಾತನಾಡಲು ಚಿಕ್ಕಪ್ಪ ಒಪ್ಪಿದ್ದಾರೆ. ಸಂದೇಶ ಕಳುಹಿಸಿದವನ ಹೆಸರನ್ನೂ ಹೇಳುತ್ತಾರಂತೆ. ಹೇಳಲಿ.