ಮುಸಲ್ಲಾ ಒದ್ದೆ ಮಾಡಿದ ಬೆಕ್ಕು

ಕಳೆದ ಬೇಸಿಗೆಯ ಒಂದು ಮುಂಜಾವಿನಲ್ಲಿ ಫಜ್ರ್ ನಮಾಝಿಗೆಂದು ಎದ್ದಾಗ ಮುಸಲ್ಲಾದ ಒಂದು ಮೂಲೆ ಒದ್ದೆಯಾಗಿತ್ತು. ನಾಲ್ಕು ವರ್ಷಗಳಿಂದ ಹಿತ್ತಲಿನ ಮರಳಿನ ತಟ್ಟೆ ಬಿಟ್ಟು ಬೇರೆಲ್ಲಿಯೂ ಮೂತ್ರ ಮಾಡದ ನಮ್ಮ ಗಂಡುಬೆಕ್ಕು ಅದರ ಪಕ್ಕದಲ್ಲಿಯೇ ಮುದುಡಿ ಕುಳಿತಿತ್ತು. ನಾನು ಪೊರಕೆಯನ್ನು ಕೈಗೆತ್ತಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ನಮ್ಮ ಮನೆಗಳಲ್ಲಿ ಬೆಕ್ಕಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಈ ಕಾರಣಕ್ಕೇ. ಅದು ಎರಡು ದಿನಗಳಲ್ಲಿ ಸತ್ತರೆ, ಎಲ್ಲೋ ವಿಷ ತಿಂದಿರಬೇಕು ಎಂದು ಹೂಳಿ ಸುಮ್ಮನಾಗುತ್ತೇವೆ.

ಬೆಕ್ಕು ತಂಟೆ ಮಾಡಿರಲಿಲ್ಲ. ಅದಕ್ಕೆ ಮೂತ್ರ ಕಟ್ಟುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಮುಕ್ಕಿ, ನಾಲ್ಕು ಹನಿಯೂ ಬಾರದೆ, ನರಳುತ್ತ ಹಿಂದಿರುಗುತ್ತಿತ್ತು. ಮೂತ್ರದ್ವಾರವನ್ನು ಬಿಡದೆ ನೆಕ್ಕಿಕೊಳ್ಳುತ್ತಿತ್ತು. "ಹೊಟ್ಟೆ ಕಟ್ಟಿದೆ ಬೇಟಾ, ಹರಳೆಣ್ಣೆ ಕುಡಿಸು" ಎಂದರು ಅಮ್ಮಿ. ಮುಕ್ಕುವುದನ್ನು ಕಂಡವರೆಲ್ಲ ಮಲಬದ್ಧತೆ ಎಂದೇ ತಿಳಿಯುತ್ತಾರೆ; ಹೊತ್ತು ಕೈತಪ್ಪುವುದು ಇಲ್ಲಿಯೇ. ಸಂಜೆ ಅದು ವಾಂತಿ ಮಾಡಿಕೊಂಡಾಗ ಲಿಂಗಸುಗೂರಿನ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ಸಿಂಧನೂರಿನ ಪಶುವೈದ್ಯರೊಬ್ಬರ ನಂಬರು ಕೊಟ್ಟರು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಕೊನೆಯ ಸಲ ಮೂತ್ರ ಸರಿಯಾಗಿ ಹೋದದ್ದು ಯಾವಾಗ?" ನನ್ನಲ್ಲಿ ಉತ್ತರವಿರಲಿಲ್ಲ. "ಬೆಳಗಿನವರೆಗೆ ಕಾಯಬೇಡಿ, ಈಗಲೇ ತನ್ನಿ" ಎಂದರು.

ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಹೊದಿಸಿ, ಆ ರಾತ್ರಿಯೇ ಸಿಂಧನೂರಿಗೆ ಹೋದೆವು. ವೈದ್ಯರು ಅರಿವಳಿಕೆ ಕೊಟ್ಟು, ಸಣ್ಣ ನಳಿಕೆಯೊಂದನ್ನು ತೂರಿಸಿ ತಡೆಯನ್ನು ಬಿಡಿಸಿದರು. ಮೊದಲು ಬಂದದ್ದು ರಕ್ತ ಬೆರೆತ ಮೂತ್ರ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಮರಳಿನಂಥ ಹರಳುಗಳೂ ಲೋಳೆಯೂ ಸೇರಿ ಅದನ್ನು ಮುಚ್ಚಿಬಿಡುತ್ತವೆ. ಆಗ ಮೂತ್ರದ ವಿಷ ರಕ್ತದಲ್ಲಿ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಪೂರ್ತಿ ಮುಚ್ಚಿದರೆ ಎರಡು ಮೂರು ದಿನಗಳಲ್ಲಿ ಸಾವು. ಹೆಣ್ಣುಬೆಕ್ಕಿನಲ್ಲಿ ನಾಳ ಮುಚ್ಚುವುದು ಅಪರೂಪ. ಉರಿ, ರಕ್ತ ಅದಕ್ಕೂ ಬರುತ್ತವೆ.

ಮನೆಮದ್ದಿನ ಬಗ್ಗೆ ಒಂದು ಮಾತು. ಜ್ವರದ ಮಾತ್ರೆ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅರ್ಧ ಮಾತ್ರೆಯೂ ಕೊಲ್ಲಬಲ್ಲದು. ಹೊಟ್ಟೆಯನ್ನು ಒತ್ತಿ ಮೂತ್ರ ಬರಿಸಲು ಹೋದರೆ ಮೂತ್ರಕೋಶವೇ ಒಡೆಯಬಹುದು. ಔಷಧ ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಕೂಡ ಅಷ್ಟಕ್ಕಷ್ಟೇ. ಹರೆಯದ ಬೆಕ್ಕುಗಳ ಈ ಕಾಯಿಲೆಯಲ್ಲಿ ಸೋಂಕು ಇರುವುದೇ ಕಡಿಮೆ. ಎಷ್ಟೋ ಸಲ ಹಬ್ಬಕ್ಕೆ ನೆಂಟರು ತುಂಬಿದ ಮನೆಯ ಗದ್ದಲವೇ ಬೆಕ್ಕಿನ ಮೂತ್ರಕೋಶಕ್ಕೆ ಉರಿ ತರುತ್ತದೆಯಂತೆ. ಮನುಷ್ಯರಿಗೇ ಆಗುವಾಗ ಬೆಕ್ಕಿಗೆ ಆಗದೇ?

ನಮ್ಮ ತಪ್ಪು ಇದ್ದದ್ದು ನೀರಿನಲ್ಲಿ. ಬೆಕ್ಕಿನ ಪೂರ್ವಜರು ಮರುಭೂಮಿಯ ಪ್ರಾಣಿಗಳು. ಬೇಟೆಯ ಮಾಂಸದಿಂದಲೇ ನೀರು ಪಡೆಯುತ್ತಿದ್ದವು. ಆದ್ದರಿಂದ ಬೆಕ್ಕಿಗೆ ದಾಹ ಕಡಿಮೆ. ಇಲಿಯ ದೇಹದಲ್ಲಿ ಶೇ. 70ರಷ್ಟು ನೀರಿರುತ್ತದೆ, ಪ್ಯಾಕೆಟ್ಟಿನ ಒಣ ಆಹಾರದಲ್ಲಿ ಶೇ. 10ರಷ್ಟು ಮಾತ್ರ. ನಾವು ಮಗಳ ಆಸೆಗೆ ಆ ಒಣ ಕಾಳುಗಳನ್ನೇ ಹಾಕುತ್ತಿದ್ದೆವು. ನಮ್ಮ ಸೀಮೆಯ ಮೇ ತಿಂಗಳ ಬಿಸಿಲಿನಲ್ಲಿ, ಅಂಗಳದ ಒಂದೇ ಬಟ್ಟಲಿನಲ್ಲಿ, ಕಾದ ನೀರು.

ಪ್ರವಾದಿವರ್ಯರ(ಸ) ಸಂಗಾತಿ ಅಬೂ ಕತಾದ(ರ) ಅವರ ಘಟನೆಯನ್ನು ಮದ್ರಸಾದಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಸೊಸೆ ಕಬ್ಶಾ ವುಝೂವಿಗೆ ನೀರಿಟ್ಟಾಗ ಬೆಕ್ಕೊಂದು ಬಂತು. ಅವರು ಅದಕ್ಕೆ ಕುಡಿಯಲು ಪಾತ್ರೆಯನ್ನು ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುಳಿದಾಡುವ ಜೀವಿ ಎಂಬ ಪ್ರವಾದಿವಚನವನ್ನು ತಿಳಿಸಿದರು. ಇದನ್ನು ನಾವು ಎಂಜಲು ನೀರಿನ ಮಸ್‌ಅಲವಾಗಿ ಕಲಿಸಿ ಮುಂದಿನ ಪುಟಕ್ಕೆ ಹೋಗುತ್ತೇವೆ. ಅವರು ಪಾತ್ರೆಯನ್ನು ಬಾಗಿಸಿ ಹಿಡಿದರು ಎಂಬುದರ ಮೇಲೆ ನನ್ನ ಕಣ್ಣು ನಿಂತದ್ದು ಈ ಬೆಕ್ಕಿನ ದೆಸೆಯಿಂದ. ಮುಸಲ್ಲಾದ ಮೇಲಿನ ಮೂತ್ರ ನಜೀಸು ಹೌದು, ತೊಳೆದರೆ ಮುಗಿಯಿತು.

ಬೆಕ್ಕನ್ನು ಕಟ್ಟಿಹಾಕಿ ಶಿಕ್ಷೆಗೆ ಗುರಿಯಾದ ಮಹಿಳೆಯ ಹದೀಸನ್ನು ಬಲ್ಲದವರಿಲ್ಲ. ಅವಳು ಅದಕ್ಕೆ ಅನ್ನವನ್ನೂ ಕೊಡಲಿಲ್ಲ, ನೆಲದ ಹುಳಹುಪ್ಪಟೆ ತಿನ್ನಲು ಬಿಡಲೂ ಇಲ್ಲ. ನಾವು ಅನ್ನ ಹಾಕುತ್ತೇವೆ, ಆದ್ದರಿಂದ ಆ ಹದೀಸು ನಮಗಲ್ಲ ಎಂದುಕೊಳ್ಳುತ್ತೇವೆ. ನನಗೆ ಹಾಗೆ ತೋರುವುದಿಲ್ಲ. ಕೂಡಿಹಾಕಿದವನ ಹೊಣೆ ತಟ್ಟೆಯ ಅನ್ನಕ್ಕೆ ಮುಗಿಯದು. ಹೊರಗೆ ಬಿಟ್ಟಿದ್ದರೆ ಇಲಿ ಹಿಡಿದು ತನ್ನ ನೀರನ್ನು ತಾನೇ ಪಡೆಯುತ್ತಿದ್ದ ಜೀವಿಯನ್ನು ಒಳಗಿಟ್ಟವರು ನಾವು. ಅದರ ಮೂತ್ರವೂ ನಮ್ಮ ಅಮಾನತ್ತೇ.

"ಮೌಲಾನಾ, ಒಂದು ಬೆಕ್ಕಿಗೆ ಇಷ್ಟು ಖರ್ಚೇ? ಅದನ್ನು ಬಡವನಿಗೆ ಕೊಡಬಾರದಿತ್ತೇ?" ಎಂದರು ನೆರೆಮನೆಯ ಚಾಚಾ. ಪ್ರಶ್ನೆಯನ್ನು ತಳ್ಳಿಹಾಕಲಾಗದು, ಆ ತಿಂಗಳು ನಮಗೂ ಕೈ ಬಿಗಿಯಾಯಿತು. ಆದರೆ ಮದುವೆಯ ಶಾಮಿಯಾನಕ್ಕೆ ಸುರಿಯುವಾಗ ನೆನಪಾಗದ ಬಡವ ಬೆಕ್ಕಿನ ಔಷಧಕ್ಕೇ ಏಕೆ ನೆನಪಾಗುತ್ತಾನೆ? ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರು ತಂದವನಿಗೆ ಕ್ಷಮೆ ಸಿಕ್ಕಿತೆಂದು ತಿಳಿಸಿದ ಪ್ರವಾದಿ(ಸ) ಬಡವರ ಹಕ್ಕನ್ನು ಮರೆತವರಲ್ಲ. ನಿಜವಾಗಿ ಹಣವಿಲ್ಲದವರಿಗೆ ಒಂದೇ ಮಾತು: ಮೊದಲ ದಿನವೇ ಗುರುತಿಸಿ. ಪಶುವೈದ್ಯ ಸೇವೆಯ 1962ಕ್ಕೆ ಕರೆ ಮಾಡಿ ಕೇಳಿ. ತಡವಾದಷ್ಟೂ ಖರ್ಚು ಏರುತ್ತದೆ.

ಮಸ್ಕಿಯವರಿಗೆ ಈ ಮಾತು ಹೊಸದಾಗಬಾರದು. 1915ರಲ್ಲಿ ನಮ್ಮೂರಿನ ಬಂಡೆಯಲ್ಲಿ ಯಾವ ಅರಸನ ಹೆಸರು ಸಿಕ್ಕಿತೋ, ಆ ಅಶೋಕನು ತನ್ನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳಿಕೊಂಡಿದ್ದಾನೆ.

ಈ ಕಾಯಿಲೆ ಮರುಕಳಿಸುತ್ತದೆ ಎಂದು ವೈದ್ಯರು ಎಚ್ಚರಿಸಿದ್ದಾರೆ. ಈಗ ಮನೆಯಲ್ಲಿ ಮೂರು ಕಡೆ, ನೆರಳಿನಲ್ಲಿ, ಅಗಲವಾದ ಬಟ್ಟಲುಗಳಲ್ಲಿ ನೀರಿದೆ. ಎರಡು ಹೊತ್ತು ಬದಲಿಸುತ್ತೇವೆ. ಅವರು ಬರೆದುಕೊಟ್ಟ ಆಹಾರವನ್ನು ನೀರಿನಲ್ಲಿ ನೆನೆಸಿ ಕೊಡುತ್ತೇವೆ. ಉಪ್ಪು, ಈರುಳ್ಳಿ ಹಾಕದೆ ಕೋಳಿ ಬೇಯಿಸಿದ ನೀರೆಂದರೆ ಅದಕ್ಕೆ ಪ್ರಾಣ. ಮರಳಿನ ತಟ್ಟೆಗಳು ಎರಡಾಗಿವೆ. ಇಶಾ ನಮಾಝಿನ ಬಳಿಕ ಮಗಳು ಟಾರ್ಚು ಹಿಡಿದು ಮರಳಿನಲ್ಲಿ ಎಷ್ಟು ಕಡೆ ಒದ್ದೆಯಾಗಿದೆ ಎಂದು ಎಣಿಸಿ ಬರುತ್ತಾಳೆ. ನಿನ್ನೆ ಮೂರು ಕಡೆ ಇತ್ತು.